ಸುತ್ತೋಲೆಯ ಏಳನೇ ನಂಬರು

ಸಾಗರದ ಪೇಟೆಯಲ್ಲಿ ಕಿರಾಣಿ ಅಂಗಡಿಯೊಂದರ ಮಹಡಿಯ ಮೇಲೆ ನಾನು ಟೈಪಿಂಗ್ ಕಲಿಸುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಇಪ್ಪತ್ತೊಂಬತ್ತು ತುಂಬಿತ್ತು, ಮದುವೆಯಾಗಿರಲಿಲ್ಲ. ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಆರು ಟೈಪ್‌ರೈಟರುಗಳ ಜೊತೆಗೆ ನನ್ನ ಹತ್ತಿರ ಒಂದು ಹಳೆಯ ಸೈಕ್ಲೋಸ್ಟೈಲ್ ಯಂತ್ರವೂ ಇತ್ತು. ಮೇಣದ ಹಾಳೆಯ ಮೇಲೆ ಟೈಪ್ ಮಾಡಿ, ಅದನ್ನು ಉರುಳೆಗೆ ಸುತ್ತಿ, ಮಸಿ ಹಾಕಿ ಹಿಡಿಕೆ ತಿರುಗಿಸಿದರೆ ಒಂದೇ ಬರಹದ ನೂರಾರು ಪ್ರತಿಗಳು ಹೊರಬರುತ್ತಿದ್ದವು. ಶಾಲೆಗಳ ಪ್ರಶ್ನೆಪತ್ರಿಕೆ, ಸೊಸೈಟಿಗಳ ಮೀಟಿಂಗ್ ನೋಟೀಸು, ಇಂಥವನ್ನು ಅದರಲ್ಲಿ ತೆಗೆದುಕೊಡುತ್ತಿದ್ದೆ.

ಅರ್ಜಿ ಟೈಪ್ ಮಾಡಿಸಲು ಬಂದವರು ಕೆಲಸ ಮುಗಿದ ಮೇಲೂ ಸುಲಭಕ್ಕೆ ಏಳುತ್ತಿರಲಿಲ್ಲ. ಬೆಂಚಿನ ತುದಿಯಲ್ಲಿ ಕೂತು, "ನಿಮ್ಮಲ್ಲಿಗೆ ನಾಕು ಕಡೆ ಜನ ಬರ್ತಾರೆ. ನಮ್ಮ ಹುಡುಗಿಗೆ ಎಲ್ಲಾದ್ರೂ ಗಂಡಿದ್ರೆ ಹೇಳಿ" ಅನ್ನುತ್ತಿದ್ದರು. ಹೀಗೆ ಕೇಳುವವರಲ್ಲಿ ಬಹಳ ಮಂದಿ ಮುಳುಗಡೆಯವರು. ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟು ಕಟ್ಟಿದಾಗ ನಮ್ಮ ಊರೂ ಮುಳುಗಿತ್ತು. ಈಗ ಹೊನ್ನೆಮರಡಿನ ದಡದಲ್ಲಿ ನಿಂತು ನೋಡಿದರೆ ಆ ಕಡೆ ನೀರು ಮಾತ್ರ ಕಾಣುತ್ತದೆ. ಒಂದೇ ಕೇರಿಯಲ್ಲಿದ್ದವರು ಒಬ್ಬರು ಹೊಸನಗರದ ಕಡೆ, ಇನ್ನೊಬ್ಬರು ತೀರ್ಥಹಳ್ಳಿಯ ಕಡೆ, ಮತ್ತೊಬ್ಬರು ಶಿವಮೊಗ್ಗದ ಕಡೆ ಹೋಗಿ ನೆಲೆ ನಿಂತರು. ಗದ್ದೆಗೆ ಬದಲಿ ಗದ್ದೆ ಸಿಕ್ಕವರಿದ್ದರು. ಆದರೆ ಯಾರ ಮನೆಯಲ್ಲಿ ಯಾರು ಮದುವೆಯ ವಯಸ್ಸಿಗೆ ಬಂದಿದ್ದಾರೆ ಎಂದು ಹೇಳುವ ಅತ್ತೆ, ದೊಡ್ಡಮ್ಮ, ನೆರೆಮನೆಯಾಕೆ ಯಾರಿಗೂ ಸಿಗಲಿಲ್ಲ.

ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರುಮಾಡಿದೆ. ಗಂಡು ಒಂದು ಕಡೆ, ಹೆಣ್ಣು ಇನ್ನೊಂದು ಕಡೆ. ಮೂವತ್ತು ಹೆಸರಾದಾಗ, ಇದನ್ನು ಪುಸ್ತಕದೊಳಗೆ ಇಟ್ಟುಕೊಂಡರೆ ಯಾರಿಗೂ ಉಪಯೋಗವಿಲ್ಲ, ಮನೆಮನೆಗೆ ಕಳಿಸಬೇಕು ಅನ್ನಿಸಿತು. ಹಾಗೆ ನನ್ನ ವಧೂವರರ ಕೇಂದ್ರ ಹುಟ್ಟಿತು.

ಅಮ್ಮನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. "ಮೊದಲು ನಿಂದು ನೋಡ್ಕಳೆ. ತನ್ನದೇ ಆಗದೇ ಇದ್ದೋಳು ಊರೋರ ಮದುವೆ ಮಾಡ್ಸಕ್ಕೆ ಹೊರಟಿದಾಳೆ ಅಂತಾರೆ."

"ಅನ್ಲಿ ಬಿಡು. ಅನ್ನೋರೇ ನಾಳೆ ಬಂದು ಹೆಸರು ಬರೆಸ್ತಾರೆ," ಅಂದೆ. ಧೈರ್ಯದಿಂದ ಹೇಳಿದೆನೇ ಹೊರತು ಒಳಗೆ ಅಷ್ಟು ಭರವಸೆ ಇರಲಿಲ್ಲ.

ಕಳಿಸಬೇಕು ಸರಿ, ಯಾರಿಗೆ? ವಿಳಾಸಗಳು ಬೇಕಲ್ಲ. ಪೇಟೆಯ ಪ್ರೆಸ್ಸಿನಲ್ಲಿ ಮಿಕ್ಕಿದ ಲಗ್ನಪತ್ರಿಕೆಗಳ ಕಟ್ಟುಗಳಿದ್ದವು. ಒಂದೊಂದು ಪತ್ರಿಕೆಯಲ್ಲೂ ಎರಡು ಮನೆಗಳ ವಿಳಾಸ, ಕೆಳಗೆ ಸುಖಾಗಮನ ಬಯಸುವವರ ಊರುಗಳು. ಒಂದು ವಾರ ಕೂತು ಮೂರು ತಾಲೂಕಿನ ಮುನ್ನೂರು ವಿಳಾಸ ಬರೆದುಕೊಂಡೆ. ಒಂದು ಮದುವೆ ನಡೆದ ಮನೆಯಲ್ಲಿ ಮದುವೆಯ ವಯಸ್ಸಿನವರು ಇನ್ನೊಬ್ಬರಾದರೂ ಇರುತ್ತಾರೆ ಎಂಬುದು ನನ್ನ ಲೆಕ್ಕಾಚಾರ.

ಮೊದಲ ಸುತ್ತೋಲೆಯನ್ನು ನನಗೆ ಗೊತ್ತಿದ್ದ ದೊಡ್ಡ ದೊಡ್ಡ ಪದಗಳನ್ನೆಲ್ಲ ಸೇರಿಸಿ ಬರೆದೆ. "ಮಾನ್ಯರೇ, ವಿವಾಹವೆಂಬ ಪವಿತ್ರ ಬಂಧನದ ಮಹತ್ವವನ್ನು ಮನಗಂಡು" ಎಂದು ಅದು ಆರಂಭವಾಗುತ್ತಿತ್ತು. ಮುನ್ನೂರು ಮನೆಗೂ ಕಡಿಮೆ ದರದ ಬುಕ್ ಪೋಸ್ಟಿನಲ್ಲಿ ಹೋಯಿತು. ಒಂದು ತಿಂಗಳು ಕಾದೆ. ಬಂದ ಉತ್ತರ ಒಂಬತ್ತು. ಅದರಲ್ಲಿ ಆರು ಬೈಗುಳ. ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು, "ನಮ್ಮ ಮನೆಯ ವಿಳಾಸವನ್ನು ನಿಮಗೆ ಕೊಟ್ಟವರು ಯಾರು? ನಮ್ಮ ಹೆಣ್ಣುಮಕ್ಕಳ ಚಿಂತೆ ನಿಮಗೇಕೆ?" ಎಂದು ಕೇಳಿದ್ದರು. ಆ ಕಾರ್ಡನ್ನು ಓದಿ ಮುಖ ಬಿಸಿಯಾಯಿತು. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು.

ನನ್ನ ಮಹಡಿಗೆ ದಿನಾ ಪೇಪರು ಓದಲು ನಿವೃತ್ತ ಪೋಸ್ಟ್‌ಮಾಸ್ಟರರೊಬ್ಬರು ಬರುತ್ತಿದ್ದರು. ಅವರಿಗೆ ಸುತ್ತೋಲೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಎರಡು ಸಾಲು ಓದಿ ಕೆಳಗಿಟ್ಟರು.

"ಇದು ಸರ್ಕಾರಿ ನೋಟೀಸು ಇದ್ದಂಗೆ ಇದೆ. ನಾನಾಗಿದ್ರೆ ಒಲೆ ಹಚ್ಚೋಕೆ ಇಟ್ಕತಿದ್ದೆ," ಅಂದರು.

"ಹಾಗಾದ್ರೆ ಹೇಗೆ ಬರೀಬೇಕು?"

"ಬಾಗಿಲಲ್ಲಿ ನಿಂತು ಎಂತ ಹೇಳ್ತೀರೋ ಅದನ್ನ ಬರೀರಿ. ಮೇಲೆ ಆ ಮನೆ ಯಜಮಾನರ ಹೆಸರು ಕೈಯಲ್ಲೇ ಬರೀರಿ, ಟೈಪ್ ಬೇಡ. ಮತ್ತೆ, ಒಳಗಿನ ಹಳ್ಳಿಗೆ ಟಪಾಲು ದಿನಾ ಹೋಗಲ್ಲ. ಜನ ಸಂತೆಗೆ ಬಂದಾಗ ಪೋಸ್ಟಾಫೀಸಿಗೆ ಬಂದು ತಾವೇ ತಗಂಡು ಹೋಗ್ತಾರೆ. ಸಂತೆ ಹಿಂದಿನ ದಿನ ಮುಟ್ಟೋ ಹಂಗೆ ಡಬ್ಬಿಗೆ ಹಾಕಿ."

ಎರಡನೆಯ ಸುತ್ತೋಲೆ ಹೀಗೆ ಶುರುವಾಯಿತು: "ನಿಮ್ಮ ಮನೆಯಲ್ಲಿ ಮದುವೆಗೆ ಬಂದವರು ಇದ್ದಾರೆಯೇ? ಇಲ್ಲದಿದ್ದರೆ ಈ ಕಾಗದವನ್ನು ಇದ್ದವರ ಮನೆಗೆ ಕೊಡಿ. ಇಂಥ ಕಾಗದವೇ ನಿಮಗೆ ಬೇಡವಾದರೆ ಒಂದು ಸಾಲು ಬರೆಯಿರಿ, ಇನ್ನು ಕಳಿಸುವುದಿಲ್ಲ." ಬೇಡ ಎಂದವರ ಹೆಸರಿನ ಮೇಲೆ ಕೆಂಪು ಮಸಿಯಲ್ಲಿ ಗೆರೆ ಎಳೆದೆ. ಮೊದಲ ಗೆರೆ ಬಿದ್ದದ್ದು ತೀರ್ಥಹಳ್ಳಿಯ ಆ ಹಿರಿಯರ ಮೇಲೆ. ಕ್ಷಮೆ ಕೇಳಿ ಅವರಿಗೊಂದು ಕಾರ್ಡೂ ಹಾಕಿದೆ. ವಿಳಾಸಗಳು ಮುನ್ನೂರರಿಂದ ಇನ್ನೂರ ಇಪ್ಪತ್ತಕ್ಕೆ ಇಳಿದವು, ಉತ್ತರಗಳು ಮಾತ್ರ ಹೆಚ್ಚಿದವು. ನೆಂಟರ ವಿಳಾಸವನ್ನು ತಾವಾಗಿಯೇ ಬರೆದು, "ಇವರಿಗೂ ಕಳಿಸಿ, ನಾವು ಹೇಳಿದ್ದೇವೆ" ಎನ್ನುವವರು ಹುಟ್ಟಿಕೊಂಡರು.

ಸುತ್ತೋಲೆಯಲ್ಲಿ ಹೆಸರು ಹಾಕುತ್ತಿರಲಿಲ್ಲ. ಒಬ್ಬೊಬ್ಬರಿಗೂ ಒಂದು ನಂಬರು, ಎರಡು ಸಾಲಿನ ವಿವರ. ವಯಸ್ಸು, ತಾಲೂಕು, ಕೆಲಸ, ಜಾತಿ, ಬಳಿ ಅಥವಾ ಗೋತ್ರ. ಜಾತಿಯ ಜಾಗವನ್ನು ಬಿಟ್ಟುಬಿಡೋಣ ಎಂದು ನೋಡಿದ್ದೆ, ಆದರೆ ಅದಿಲ್ಲದೆ ಯಾರೂ ಮುಂದಿನ ಸಾಲಿಗೆ ಕಣ್ಣು ಹಾಯಿಸುತ್ತಿರಲಿಲ್ಲ. ಒಪ್ಪಿಗೆಯಾದವರು ನಂಬರು ನಮೂದಿಸಿ ನನಗೆ ಬರೆಯಬೇಕು, ನಾನು ಆ ಕಡೆಗೆ ತಿಳಿಸಬೇಕು.

ನಾಲ್ಕನೆಯ ಸುತ್ತೋಲೆಯ ತಯಾರಿಯಲ್ಲಿದ್ದಾಗ ಹೊಸನಗರ ತಾಲೂಕಿನಿಂದ ಒಂದು ಕಾರ್ಡು ಬಂತು. ಅಲ್ಲಿಯವರೆಗೆ ಬಂದ ಎಲ್ಲವೂ ಅಪ್ಪಂದಿರದು, ಅಣ್ಣಂದಿರದು, ಸೋದರಮಾವಂದಿರದು. ಇದು ಹಾಗಿರಲಿಲ್ಲ. "ನನಗೆ ಮೂವತ್ತನಾಲ್ಕು. ಕಡಿಮೆ ಮಾಡಿ ಬರೆಯಬೇಡಿ. ಹೊಲಿಗೆ ಕೆಲಸ ಮಾಡುತ್ತೇನೆ. ನಮ್ಮದು ಮುಳುಗಡೆಯವರ ಮನೆ, ತಂದೆ ಇಲ್ಲ. ಇದನ್ನು ಬರೆಯುತ್ತಿರುವುದು ನಾನೇ, ಮನೆಯವರಲ್ಲ. ನಮ್ಮಂಥವರನ್ನೂ ಸೇರಿಸಿಕೊಳ್ಳುತ್ತೀರಾ?"

ಓದಿ ನನಗೆ ಎಷ್ಟು ಹುರುಪು ಬಂತೆಂದರೆ, ಆ ಹುರುಪಿನಲ್ಲೇ ತಪ್ಪು ಮಾಡಿದೆ. ಸುತ್ತೋಲೆಯ ಏಳನೆಯ ನಂಬರಾಗಿ ಅವರನ್ನು ಸೇರಿಸಿ, ಇದ್ದದ್ದನ್ನು ಇದ್ದ ಹಾಗೆ ಟೈಪ್ ಮಾಡಿದೆ. ಹೊಸನಗರ ತಾಲೂಕು, ಮುಳುಗಡೆ ಕುಟುಂಬ, ಮೂವತ್ತನಾಲ್ಕು, ಹೊಲಿಗೆ, ತಂದೆ ಇಲ್ಲ. ಹೆಸರೊಂದು ಇರಲಿಲ್ಲ ಅಷ್ಟೇ.

ಸುತ್ತೋಲೆ ಹೋಗಿ ಹತ್ತು ದಿನಕ್ಕೆ, ಬೆಳಗಿನ ಬ್ಯಾಚು ನಡೆಯುತ್ತಿರುವಾಗ ಒಬ್ಬ ಗಂಡಸು ಮಹಡಿ ಹತ್ತಿ ಬಂದ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಮಡಿಸಿದ ನನ್ನದೇ ಸುತ್ತೋಲೆ.

"ಯಾರ್ರೀ ಇದನ್ನ ಮಾಡಿದ್ದು?"

"ನಾನೇ. ಕೂತ್ಕೊಳ್ಳಿ."

"ಕೂರಕ್ಕೆ ಬಂದಿಲ್ಲ. ಈ ಏಳನೇ ನಂಬರು ನಮ್ಮಕ್ಕ. ನಾವೆಲ್ಲ ಸತ್ತು ಹೋಗಿದೀವಾ? ಅವಳಿಗೆ ಗಂಡು ಹುಡುಕಕ್ಕೆ ನೀವ್ಯಾರು?"

"ಹೆಸರು ಹಾಕಿಲ್ವಲ್ಲ," ಅಂದೆ. ಹೇಳುವಾಗಲೇ ಅದು ಎಷ್ಟು ಪೊಳ್ಳು ಮಾತು ಎಂದು ನನಗೆ ತಿಳಿಯಿತು.

"ಹೆಸರು ಬೇರೆ ಹಾಕ್ಬೇಕಿತ್ತಾ? ನಮ್ಮ ಕಡೆ ಹೊಲಿಗೆ ಮಾಡೋ ಮೂವತ್ನಾಕು ವರ್ಷದ ಹೆಣ್ಣು ಎಷ್ಟು ಜನ ಅದಾರೆ? ನಾನು ಕೆಲಸ ಮಾಡೋ ಸೊಸೈಟೀಲಿ ನನ್ನ ಮುಖದ ಮುಂದೆ ಹಿಡ್ದು ಓದಿದ್ರು. ನಕ್ಕಂಡು ಓದಿದ್ರು. ಹೊಲಿಗೆ ಮೆಷಿನ್ನಿಂದಲೇ ಇವಳಿಗೆ ಇಷ್ಟು ಧೈರ್ಯ ಬಂದಿದ್ದು ಅಂತ ಅದನ್ನ ಒಳಗಿಟ್ಟು ಬೀಗ ಹಾಕಿದೀನಿ. ಹೊಲಿಗೆ ಗಿಲಿಗೆ ಇನ್ನು ಎಲ್ಲ ಬಂದ್."

ಸುತ್ತೋಲೆಯನ್ನು ನನ್ನ ಮೇಜಿನ ಮೇಲೆ ಬಿಸಾಕಿ ಇಳಿದು ಹೋದ. ಆರು ಮೆಷಿನ್ನುಗಳೂ ನಿಂತುಹೋಗಿದ್ದವು. ಹುಡುಗಿಯರೆಲ್ಲ ನನ್ನನ್ನೇ ನೋಡುತ್ತಿದ್ದರು. "ಟೈಪ್ ಮಾಡಿ," ಅಂದೆ.

ಮಧ್ಯಾಹ್ನ ಊಟಕ್ಕೆ ಹೋದಾಗ ಅಮ್ಮನಿಗೆ ಎಲ್ಲ ಹೇಳಿದೆ. "ಬಿಟ್ಟು ಬಿಡೆ ಮಾರಾಯ್ತಿ. ಇದೆಲ್ಲ ನಮಗೆ ಎಂತಕ್ಕೆ?" ಅಂದಳು.

"ಬಿಡೋದಾದ್ರೂ ಆ ಹೆಂಗಸಿನ ಮುಖ ನೋಡಿ, ತಪ್ಪಾತು ಅಂತ ಹೇಳಿ ಬಿಡ್ತೀನಿ. ಇಲ್ಲೇ ಕೂತು ಬಿಡಲ್ಲ."

ಮರುದಿನ ಟೈಪಿಂಗ್ ಕ್ಲಾಸಿಗೆ ರಜೆ ಕೊಟ್ಟು, ಬಟ್ಟೆಮಲ್ಲಪ್ಪದ ಮೇಲೆ ಹೊಸನಗರಕ್ಕೆ ಹೋಗುವ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದೆ, ಅಳಿಸಿದೆ. ಅವರು ಬೈದರೆ ಬೈಸಿಕೊಳ್ಳುವುದು, ಬಾಗಿಲು ಹಾಕಿಕೊಂಡರೆ ಜಗುಲಿಯಲ್ಲೇ ನಿಂತು ಹೇಳುವುದು ಎಂದು ಗಟ್ಟಿ ಮಾಡಿಕೊಂಡೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೊಲಿಗೆಯವರ ಮನೆ ಎಂದು ಕೇಳಿದರೆ ಸಾಕಿತ್ತು. ಅದೇ ನನ್ನ ತಪ್ಪಿನ ಪುರಾವೆ. ಜಗುಲಿಯಲ್ಲಿ ಒಬ್ಬ ಹೆಂಗಸು ರವಿಕೆಯೊಂದಕ್ಕೆ ಕೈಯಲ್ಲೇ ಹುಕ್ಕು ಹಾಕುತ್ತಾ ಕೂತಿದ್ದರು. ಎತ್ತರದ ಆಳು, ಕುತ್ತಿಗೆಯಲ್ಲಿ ಅಳತೆಯ ಟೇಪು.

"ಸಾಗರದ ಟೈಪಿಂಗಿನೋರಾ?" ಎಂದು ಅವರೇ ಕೇಳಿದರು. "ತಮ್ಮ ಹೋಗಿ ಬಂದಿದ್ದು ಕೇಳಿದೆ. ನೀವು ಬರಬಹುದು ಅಂದ್ಕಂಡೆ. ಆದ್ರೆ ವಯಸ್ಸಾದೋರು ಅಂತ ಮಾಡಿದ್ದೆ. ಬನ್ನಿ, ಕೂತ್ಕಳಿ."

ನಾನು ನಿಂತೇ ಹೇಳಿದೆ. "ತಪ್ಪು ನಂದು. ನಿಮ್ಮ ಗುರುತು ಸಿಗೋ ಹಾಗೆ ಬರೀಬಾರದಿತ್ತು. ಅಚ್ಚಾಗೋ ಮುಂಚೆ ನಿಮಗೊಂದು ಸಲ ತೋರಿಸ್ಬೇಕಿತ್ತು. ಮುಂದಿನದರಲ್ಲಿ ನಿಮ್ಮ ನಂಬರು ತೆಗೆದು ಹಾಕ್ತೀನಿ."

ಅವರು ಹಲ್ಲಿನಿಂದ ದಾರ ಕಡಿದು ರವಿಕೆಯನ್ನು ಮಡಿಸಿಟ್ಟರು.

"ತೆಗೀಬೇಡಿ."

ನನಗೆ ಅರ್ಥವಾಗಲಿಲ್ಲ.

"ಮೂರು ದಿನ ಅತ್ತೆ. ಸುಳ್ಳು ಹೇಳಲ್ಲ, ನಿಮಗೆ ಶಾಪನೂ ಹಾಕಿದೆ. ನೀರಿಗೆ ಹೋದ್ರೂ ಹೆಂಗಸರು ಮಾತು ನಿಲ್ಸಿ ನನ್ನ ನೋಡ್ತಿದ್ರು. ನಾಕನೇ ದಿನ ಯೋಚನೆ ಮಾಡಿದೆ. ಯಾರಿಗೂ ಗೊತ್ತಾಗಬಾರ್ದು ಅಂತ ತಾನೇ ಇಷ್ಟು ವರ್ಷ ಹೆದರ್ಕಂಡು ಇದ್ದಿದ್ದು? ಈಗ ಎಲ್ರಿಗೂ ಗೊತ್ತಾತು. ಇನ್ನು ಹೆದರಕ್ಕೆ ಎಂತ ಉಳೀತು? ನೀವು ಅರ್ಧ ಹಾಕಿದ್ರಿ, ಬಾಕಿ ಅರ್ಧ ಊರೋರು ತಾವೇ ಸೇರಿಸ್ತಾ ಇದಾರೆ. ಪೂರ್ತಿ ಹಾಕಿ. ನಾನು ಹೇಳ್ತೀನಿ, ಬರ್ಕಳಿ."

ಚೀಲದಿಂದ ಕಾಗದ ತೆಗೆದೆ. ಅವರು ಯೋಚಿಸಿ ಯೋಚಿಸಿ ಹೇಳಿದರು. ಅಪ್ಪ ಹೋದ ಮೇಲೆ ಹೊಲಿಗೆ ಮಾಡಿ ತಮ್ಮನನ್ನು ಓದಿಸಿದ್ದು, ಅವನ ಮದುವೆಯಾದ ಮೇಲೆ ತನ್ನ ವಿಷಯ ಯಾರೂ ಎತ್ತದೆ ಇದ್ದದ್ದು. ಆಮೇಲೆ ಷರತ್ತುಗಳು. ಮದುವೆಯಾದ ಮೇಲೂ ಹೊಲಿಗೆ ಬಿಡುವುದಿಲ್ಲ. ಗಂಡಿನ ಕಡೆಯವರು ಹೆಣ್ಣು ನೋಡಲು ಬರುವುದು ಬೇಡ, ತಾನೇ ಹೋಗಿ ಗಂಡಿನ ಕೆಲಸ ನೋಡುತ್ತೇನೆ.

ಕೊನೆಯದನ್ನು ಬರೆಯಲು ನಾನು ಹಿಂಜರಿದೆ. "ಹೀಗೆ ಹಾಕಿದ್ರೆ ಒಬ್ರೂ ಬರೆಯಲ್ಲವೇನೋ."

"ಬರೀದೇ ಇದ್ರೆ ಅಂಥೋರು ನನಗೆ ಬೇಡ ಅಂತಾತಲ್ಲ."

ಅಷ್ಟರಲ್ಲಿ ಅವರ ತಮ್ಮ ಕೆಲಸ ಮುಗಿಸಿ ಬಂದ. ನನ್ನನ್ನು ಕಂಡದ್ದೇ ಅವನ ಮುಖ ಕೆಂಪಾಯಿತು. ಅಕ್ಕ ಎದ್ದು ನಿಂತರು.

"ಇವರನ್ನ ಎಂತದೂ ಅನ್ಬೇಡ. ಬರೆದಿದ್ದು ನಾನು, ಇವರಲ್ಲ. ನಿನ್ನ ಕಾಲೇಜಿಗೆ ನಾನು ಮೆಷಿನ್ ತುಳಿದಾಗ ನಮ್ಮ ಮರ್ಯಾದೆ ಹೋಗಿರ್ಲಿಲ್ಲ. ಈಗ ಹೆಂಗೆ ಹೋಗ್ತದೆ? ನೀನು ನಂಗೆ ಒಂದು ಸಂಬಂಧ ನೋಡಿದ್ದಿದ್ರೆ ಹೇಳು, ಈಗಲೇ ಆ ಕಾಗದ ಹರಿದು ಹಾಕ್ತೀನಿ."

ಅವನು ಕಂಬ ಹಿಡಿದು ನಿಂತ. ಆಗ ಒಳಗಿನಿಂದ ಅವನ ಹೆಂಡತಿ ಬಂದಳು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ. ಗಂಡನ ಮುಖವನ್ನೂ ನೋಡದೆ ಮೆಷಿನ್ ಇಟ್ಟ ಕೋಣೆಯ ಬೀಗದ ಕೈಯನ್ನು ಅತ್ತಿಗೆಯ ಕೈಯಲ್ಲಿಟ್ಟು, "ಕಾಪಿ ಆಗ್ಯದೆ, ಎಲ್ರೂ ಕುಡ್ಕಂಡು ಮಾತಾಡಿ," ಅಂದಳು. ಅವನು ಕಾಪಿ ಕುಡಿಯಲಿಲ್ಲ. ಆದರೆ ಬೀಗದ ಕೈಯನ್ನು ಕಿತ್ತುಕೊಳ್ಳಲೂ ಇಲ್ಲ.

ಐದನೆಯ ಸುತ್ತೋಲೆಯಲ್ಲಿ ಏಳನೆಯ ನಂಬರಿಗೆ ಎರಡು ಸಾಲಿನ ಬದಲು ಅರ್ಧ ಪುಟ ಕೊಟ್ಟೆ. ಉಳಿದ ಪ್ರತಿಯೊಬ್ಬರ ವಿವರವನ್ನೂ ಮೊದಲು ಅವರಿಗೇ ಕಳಿಸಿ, ಸಹಿ ಹಾಕಿಸಿಕೊಂಡೇ ಅಚ್ಚು ಮಾಡಿದೆ. ಅದರಿಂದ ಮೂರು ವಾರ ತಡವಾಯಿತು. ತಡವಾಗಲಿ ಅಂದೆ. ಮುಂದೆ ನಾನು ಆ ಕೆಲಸ ಮಾಡಿದಷ್ಟು ವರ್ಷವೂ ಆ ನಿಯಮ ಬಿಡಲಿಲ್ಲ.

ಏಳನೆಯ ನಂಬರಿಗೆ ಹನ್ನೊಂದು ಕಾಗದ ಬಂದವು. ಎರಡರಲ್ಲಿ ತಮಾಷೆ ಮಾಡಿದ್ದರು, ಒಂದರಲ್ಲಿ ಹೊಲಸು ಮಾತಿತ್ತು. ಆ ಮೂರನ್ನು ನಾನೇ ಹರಿದೆ. ಉಳಿದ ಎಂಟನ್ನು ತೆಗೆದುಕೊಂಡು ಮತ್ತೆ ಹೊಸನಗರಕ್ಕೆ ಹೋದೆ. ಅವರು ಒಂದೊಂದನ್ನೂ ಎರಡೆರಡು ಸಲ ಓದಿ, ಕೊನೆಗೆ ಒಂದನ್ನು ಬೇರೆ ಇಟ್ಟರು. ತೀರ್ಥಹಳ್ಳಿ ತಾಲೂಕಿನ ಮೇಳಿಗೆಯ ಕಡೆಯಿಂದ ಬಂದದ್ದು. "ನನಗೆ ಮೂವತ್ತೆಂಟು. ಪಂಪ್‌ಸೆಟ್ ರಿಪೇರಿಯ ಅಂಗಡಿ ಇದೆ. ಬಲಗೈಯ ಎರಡು ಬೆರಳಿಲ್ಲ, ಅಕ್ಕಿ ಗಿರಣಿಯ ಬೆಲ್ಟಿಗೆ ಸಿಕ್ಕಿ ಹೋದವು. ಅದಕ್ಕೇ ಎರಡು ಸಂಬಂಧ ಮುರಿದವು. ಬಂದು ಅಂಗಡಿ ನೋಡಬಹುದು. ಭಾನುವಾರವೂ ತೆಗೆದಿರುತ್ತೇನೆ."

"ಇದೇ ಯಾಕೆ?" ಎಂದು ಕೇಳಿದೆ.

"ಬೆರಳಿನ ವಿಷಯ ನಾವು ಕೇಳಿರ್ಲಿಲ್ಲ. ಅವರೇ ಹೇಳಿದಾರೆ."

ಒಂದು ಭಾನುವಾರ ನಾವಿಬ್ಬರೂ ತೀರ್ಥಹಳ್ಳಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮೇಳಿಗೆಗೆ ಇಳಿದೆವು. ಅಂಗಡಿ ಎಂದರೆ ರಸ್ತೆ ಬದಿಯಲ್ಲಿ ತಗಡು ಹೊದಿಸಿದ ಒಂದು ಮಾಡು. ಆತ ನೆಲದ ಮೇಲೆ ಕೂತು ಮೋಟಾರೊಂದನ್ನು ಬಿಚ್ಚುತ್ತಿದ್ದರು. ನಮ್ಮನ್ನು ಕಂಡು ಗಡಬಡಿಸಿ ಎದ್ದು, ಗ್ರೀಸಾದ ಕೈಯನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಹಾಗೇ ನಿಂತರು.

"ಕೆಲಸ ನಿಲ್ಸಬೇಡಿ. ಅದನ್ನ ನೋಡಕ್ಕೇ ಬಂದಿದ್ದು," ಅಂದರು ಹೊಲಿಗೆಯವರು.

ಆತ ಮತ್ತೆ ಕೂತರು. ಎಂಟು ಬೆರಳಲ್ಲಿ ಸಣ್ಣ ಸಣ್ಣ ಸ್ಕ್ರೂಗಳನ್ನು ಬಿಚ್ಚಿ ತಟ್ಟೆಯಲ್ಲಿ ಸಾಲಾಗಿ ಇಡುವುದನ್ನು ನಾವು ಬಹಳ ಹೊತ್ತು ನೋಡಿದೆವು. ನನಗಂತೂ ಎಲ್ಲಿ ನೋಡಬೇಕೆಂದು ತಿಳಿಯುತ್ತಿರಲಿಲ್ಲ. ಕೊನೆಗೆ ಅವರು ಕೇಳಿದರು:

"ನಿಮ್ಮ ಶರ್ಟಿನ ಹೆಗಲಿಗೆ ತೇಪೆ ಹಾಕಿದ್ದು ಯಾರು?"

"ನಾನೇ. ಸರಿ ಬಂದಿಲ್ಲ ಅಂತ ಗೊತ್ತು."

"ಸರಿ ಬಂದಿಲ್ಲ, ಆದ್ರೆ ಗಟ್ಟಿ ಇದೆ."

ಆತ ನಕ್ಕರು. ಆಮೇಲೆ ತಲೆ ತಗ್ಗಿಸಿಕೊಂಡೇ ಕೇಳಿದರು, "ನಾನೊಂದು ಕೇಳ್ಲಾ? ನಿಮ್ಮ ಮನೇಲಿ ಒಪ್ಪಿದಾರಾ?"

"ಇನ್ನೂ ಇಲ್ಲ. ಒಪ್ಪದೇ ಇದ್ರೆ ನೀವು ಹಿಂದೆ ಸರೀತೀರಾ?"

"ಇಲ್ಲ. ಆದ್ರೆ ನಾನೇ ಬಂದು ನಿಮ್ಮ ತಮ್ಮನ ಹತ್ರ ಮಾತಾಡ್ತೀನಿ. ನೀವೊಬ್ರೇ ಜಗಳ ಆಡೋದು ಬೇಡ."

ವಾಪಸು ಬರುವಾಗ ಬಸ್ಸು ತುಂಗೆಯ ಸೇತುವೆ ದಾಟುತ್ತಿದ್ದಂತೆ ಅವರು ಕಿಟಕಿಯ ಕಡೆ ಮುಖ ಮಾಡಿ, "ಆ ಅಂಗಡೀಲಿ ಇನ್ನೊಂದು ಮೆಷಿನ್ನಿಗೆ ಜಾಗ ಇದೆ, ಅಲ್ದಾ?" ಅಂದರು.

ಆತ ಹೇಳಿದ ಹಾಗೆ ಹೋಗಿ ಮಾತಾಡಿದರು. ಮೊದಲ ಸಲ ಆ ತಮ್ಮ ಅವರನ್ನು ಜಗುಲಿಯಿಂದ ಒಳಗೆ ಕರೆಯಲಿಲ್ಲ. ಎರಡನೆಯ ಸಲ ಕರೆದ. ಮೂರನೆಯ ಸಲಕ್ಕೆ ದಿನ ಗೊತ್ತಾಯಿತು. ತಂದೆಯ ಜಾಗದಲ್ಲಿ ನಿಂತು ಅವನು ಧಾರೆ ಎರೆದ. ಊಟಕ್ಕೆ ಕೂತಾಗ ನನ್ನ ಎಲೆಗೆ ಅವನೇ ಬಂದು ಪಾಯಸ ಬಡಿಸಿ, "ಹಾಕ್ಕಳಿ ಅಕ್ಕಾ," ಅಂದ.

ಆ ಮದುವೆಯ ಸುದ್ದಿ ನನ್ನ ಯಾವ ಸುತ್ತೋಲೆಗಿಂತಲೂ ಬೇಗ ಹಬ್ಬಿತು. ಹೆಣ್ಣುಮಕ್ಕಳು ತಾವೇ ಬರೆಯತೊಡಗಿದರು. ಕೆಲವರು ಹೆದರಿ ಊರಿನ ಹೆಸರು ಹಾಕದೆ ಬರೆಯುತ್ತಿದ್ದರು, ಅಂಥವರಿಗೆ ಉತ್ತರ ಕಳಿಸುವುದು ಹೇಗೆಂದು ಪೋಸ್ಟ್‌ಮಾಸ್ಟರರೂ ನಾನೂ ಅಂಚೆಯ ಮೊಹರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆವು. ಎಲ್ಲವೂ ಕೂಡಿ ಬರಲಿಲ್ಲ. ಎರಡು ಮದುವೆ ಕೆಟ್ಟವು, ಅದರ ಬೈಗುಳವನ್ನೂ ನಾನೇ ತಿಂದೆ. ನನ್ನ ಮದುವೆಯ ವಿಷಯ ಜನ ಕೇಳುವುದು ಬಿಡಲಿಲ್ಲ. ಬಂದ ಸಂಬಂಧಗಳಿದ್ದವು, ನನಗೆ ಬೇಕೆನ್ನಿಸಲಿಲ್ಲ. ಅಮ್ಮ ಒಂದೆರಡು ವರ್ಷ ಹಟ ಹಿಡಿದು, ಆಮೇಲೆ ತಾನೇ ಲಕೋಟೆಗಳಿಗೆ ಅಂಟು ಹಚ್ಚಲು ಕೂತಳು.

ಎಂಬತ್ತರ ದಶಕ ಬಂದು ಒಂದೆರಡು ವರ್ಷವಾಗಿರಬೇಕು. ತೀರ್ಥಹಳ್ಳಿ ಕಡೆಯಿಂದ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಹೆಂಗಸೊಬ್ಬರು ಅಕ್ಷರ ಬರುವವರ ಕೈಯಲ್ಲಿ ಬರೆಸಿದ್ದು, ಕೆಳಗೆ ಹೆಬ್ಬೆಟ್ಟು. "ನನ್ನ ಮಗ ತೀರಿಹೋಗಿ ನಾಲ್ಕು ವರ್ಷವಾಯಿತು. ಸೊಸೆಗೆ ಇಪ್ಪತ್ತಾರು. ಅವಳು ಬೇಡ ಅನ್ನುತ್ತಾಳೆ, ನಾನು ಒಪ್ಪಿಸುತ್ತೇನೆ. ಒಳ್ಳೆಯ ಕಡೆ ನೋಡಿ. ಮದುವೆ ನಾನೇ ಮಾಡಿಕೊಡುತ್ತೇನೆ."

ಎರಡು ಸಲ ಓದಿದೆ. ಹೆಸರು ಬರೆಸುವವರಿಗೆ ನಾನು ಕಳಿಸುತ್ತಿದ್ದ ಫಾರಮ್ಮಿನಲ್ಲಿ ಬರೆಸಿದವರ ಸಂಬಂಧ ಎಂಬ ಜಾಗದಲ್ಲಿ ತಂದೆ, ತಾಯಿ, ಅಣ್ಣ, ಸ್ವಂತ ಎಂದು ಮಾತ್ರ ಇತ್ತು. ಹೊಸ ಮೇಣದ ಹಾಳೆ ತೆಗೆದು ಮೆಷಿನ್ನಿಗೆ ಏರಿಸಿ, ಅದರಲ್ಲಿ ಅತ್ತೆ ಎಂದೂ ಸೇರಿಸಿ ಟೈಪ್ ಮಾಡಿದೆ. ಆಮೇಲೆ ಒಂದು ಕಾರ್ಡು ತೆಗೆದು, ಸೊಸೆ ಒಪ್ಪಿದ ಮೇಲೆ ಅವಳೇ ಸಹಿ ಹಾಕಿ ಕಳಿಸಲಿ ಎಂದು ಆ ಅತ್ತೆಗೆ ಉತ್ತರ ಬರೆದೆ.